ತಪ್ಪಿನಿಂದ ತೊಡಗುವ ಭಯ: ಕನ್ನಡ ಹಾರರ್ ಚಿತ್ರಗಳ ಆರಂಭಭಾಗ ಕುರಿತು

ದೆವ್ವದ ಸಿನಿಮಾಕ್ಕೆ ಬರುವ ಪ್ರೇಕ್ಷಕ ಹೆದರಲು ಸಿದ್ಧನಾಗಿಯೇ ಬಂದಿರುತ್ತಾನೆ. ಹಳೆಯ ಮನೆ, ಮುಚ್ಚಿದ ಕೋಣೆ, ಕಾಡಿನ ದಾರಿ ಇವೆಲ್ಲ ಅವನಿಗೆ ಮೊದಲೇ ಗೊತ್ತು. ಗೊತ್ತಿದ್ದೂ ಅವನು ಬೆದರುವುದು ಹೇಗೆ ಎಂಬ ಪ್ರಶ್ನೆಗೆ ಉತ್ತರವನ್ನು ಚಿತ್ರದ ಮೊದಲ ಕೆಲವು ನಿಮಿಷಗಳಲ್ಲಿ ಹುಡುಕಬೇಕು ಎಂಬುದು ಈ ಲೇಖನದ ನಿಲುವು. ಪ್ರಕಾರದ ರೂಢಿಗಳನ್ನು ನಿರ್ದೇಶಕ ಪ್ರೇಕ್ಷಕನ ಮುಂದೆ ಹರಡುವುದೂ, ಅವುಗಳಲ್ಲಿ ಒಂದನ್ನು ಸದ್ದಿಲ್ಲದೆ ಬದಲಿಸುವುದೂ ಅಲ್ಲಿಯೇ.

ಹಾಲಿವುಡ್ ಈ ಭಾಗಕ್ಕೆ ಕೊಟ್ಟ ಮಹತ್ವ ಪ್ರಸಿದ್ಧ. 1960ರಲ್ಲಿ 'ಸೈಕೋ' ತೆರೆಕಂಡಾಗ, ಚಿತ್ರ ಶುರುವಾದ ಮೇಲೆ ಯಾರನ್ನೂ ಒಳಗೆ ಬಿಡಕೂಡದೆಂದು ಹಿಚ್‌ಕಾಕ್ ಚಿತ್ರಮಂದಿರಗಳಿಗೆ ಕಟ್ಟುಮಾಡಿದ್ದರು. 'ಜಾಸ್' (1975) ರಾತ್ರಿ ಈಜಲು ಇಳಿದ ಯುವತಿಯ ಸಾವಿನಿಂದ ಶುರುವಾಗುತ್ತದೆ. 'ಹ್ಯಾಲೋವೀನ್' (1978) ಕೊಲೆಗಾರನ ಕಣ್ಣಿನಿಂದಲೇ ಕೊಲೆಯನ್ನು ತೋರಿಸಿ, ಆಮೇಲೆ ಆತ ಆರು ವರ್ಷದ ಹುಡುಗನೆಂದು ಬಯಲು ಮಾಡುತ್ತದೆ. ಈ ಕೊನೆಯ ಎರಡು ಚಿತ್ರಗಳ ಪರಂಪರೆಯಲ್ಲಿ ಮೊದಲು ಬೀಳುವುದು ಹೆಣ. ಅದರ ಕಾರಣ ಗೊತ್ತಾಗುವುದು ಆಮೇಲೆ.

ಕನ್ನಡದ ಮುಖ್ಯ ಉದಾಹರಣೆಗಳಲ್ಲಿ ಕ್ರಮ ಬೇರೆ. ಇಲ್ಲಿ ಮೊದಲು ಬರುವುದು ಒಂದು ತಪ್ಪು: ಹಿರಿಯರ ಮಾತು ಮೀರುವುದು, ಕೊಟ್ಟ ಮಾತಿಗೆ ತಪ್ಪುವುದು. ಇದಕ್ಕೆ ನಮ್ಮ ಕಾವ್ಯಮೀಮಾಂಸೆಯಲ್ಲೇ ಆಧಾರವಿದೆ. ಭಯಾನಕ ರಸಕ್ಕೆ ಕಾರಣಗಳನ್ನು ಹೇಳುವಾಗ ನಾಟ್ಯಶಾಸ್ತ್ರದ ಆರನೆಯ ಅಧ್ಯಾಯವು ವಿಕಾರ ಧ್ವನಿ, ಅರಣ್ಯ, ಪಾಳುಮನೆಗಳ ಜೊತೆಗೆ ಗುರು ಮತ್ತು ರಾಜರಿಗೆ ಎಸಗಿದ ಅಪರಾಧವನ್ನೂ ಸೇರಿಸುತ್ತದೆ. ಪಾಳುಮನೆ, ಕಾಡುಗಳು ಎಲ್ಲ ದೇಶದ ಹಾರರ್‌ನಲ್ಲೂ ಇವೆ. ಅಪರಾಧವನ್ನೂ ಅವುಗಳ ಸಾಲಿನಲ್ಲೇ ಇಟ್ಟಿರುವುದು ನನಗೆ ಬಹಳ ಮುಖ್ಯವಾಗಿ ಕಾಣುತ್ತದೆ.

ಪಿ. ವಾಸು ನಿರ್ದೇಶನದ 'ಆಪ್ತಮಿತ್ರ' (2004) ಮಲಯಾಳದ 'ಮಣಿಚಿತ್ರತಾಳ್' (1993) ಚಿತ್ರದ ರೂಪಾಂತರ. ಕೇರಳದ ತರವಾಡು ಮನೆ ಕನ್ನಡದಲ್ಲಿ ಮೈಸೂರಿನ ಅರಮನೆಯಂಥ ಬಂಗಲೆಯಾಯಿತು. ಮನೆ ಕೊಳ್ಳಬೇಡಿ ಎಂದು ಹಿರಿಯರು ತಡೆಯುತ್ತಾರೆ. ರಮೇಶ್ ಕೊಳ್ಳುತ್ತಾನೆ, ಹೆಂಡತಿ ಗಂಗಾಳೊಡನೆ ವಾಸಕ್ಕೆ ಬರುತ್ತಾನೆ. ಮೈಸೂರಿನವರ ಮಟ್ಟಿಗೆ ಇದು ದೂರದ ಕಥೆಯಲ್ಲ. ಅರಮನೆಯ ಈಶಾನ್ಯಕ್ಕಿರುವ ಕೆಸರೆಯನ್ನೇ ನೋಡಿ. ಹಳೆಯ ಊರಿನ ಮಗ್ಗುಲಲ್ಲೇ ಎರಡನೇ ಹಂತ, ಮೂರನೇ ಹಂತ ಎಂದು ಬಡಾವಣೆಗಳು ಬೆಳೆದಿವೆ. ಅಂಥ ಕಡೆ ಕಟ್ಟುತ್ತಿರುವ ಮನೆಗೆ ದೃಷ್ಟಿಗೊಂಬೆ ತೂಗುಹಾಕುತ್ತಾರೆ, ಗೃಹಪ್ರವೇಶದ ದಿನ ಹೊಸ್ತಿಲಲ್ಲಿ ಬೂದುಗುಂಬಳ ಒಡೆಯುತ್ತಾರೆ, ಸೈಟು ಕೊಳ್ಳುವ ಮುಂಚೆ ಮನೆಯ ಹಿರಿಯರನ್ನು ಒಂದು ಮಾತು ಕೇಳುತ್ತಾರೆ. ಇದನ್ನೆಲ್ಲ ಮಾಡಿದ ಕೈಗಳಿಗೆ ರಮೇಶ್‌ನ ಉಡಾಫೆ ತಕ್ಷಣ ತಪ್ಪಾಗಿ ಕಾಣುತ್ತದೆ. ಪರದೆಯ ಮೇಲೆ ನೆರಳೂ ಸುಳಿಯುವ ಮುಂಚೆಯೇ ಭಯ ಕೂತಿರುತ್ತದೆ.

ಚಿತ್ರದ ಜಾಣ್ಮೆ ಇರುವುದು ಇದರ ಮುಂದಿನ ಹೆಜ್ಜೆಯಲ್ಲಿ. ಆರಂಭ ನಮ್ಮನ್ನು ದೆವ್ವಕ್ಕೆ ಅಣಿಗೊಳಿಸುತ್ತದೆ. ಕಥೆ ಕೊನೆಗೆ ಗಂಗಾಳ ಮನೋರೋಗದ ಕಡೆ ಹೊರಳುತ್ತದೆ. ಅಲೌಕಿಕವೋ ಲೌಕಿಕವೋ ಎಂದು ತೀರ್ಮಾನಿಸಲಾಗದ ತೂಗಾಟವೇ ಅದ್ಭುತ ಸಾಹಿತ್ಯದ ಜೀವಾಳ ಎಂದು ಸಾಹಿತ್ಯ ಸಿದ್ಧಾಂತಿ ತ್ಸ್ವೆತಾನ್ ತೊದೊರೊವ್ 1970ರಲ್ಲಿ ವಾದಿಸಿದರು. ಇಲ್ಲಿ ಆ ತೂಗಾಟಕ್ಕೆ ಬೇಕಾದ ತೂಕವನ್ನೆಲ್ಲ ಆರಂಭಭಾಗದ ರೂಢಿಗಳೇ ಒದಗಿಸುತ್ತವೆ.

'ಕಾಂತಾರ' (2022) ಕಟ್ಟುನಿಟ್ಟಾಗಿ ಹಾರರ್ ಚಿತ್ರವಲ್ಲ. ಆದರೆ ಭಯಾನಕದ ದೃಷ್ಟಿಯಿಂದ ಇತ್ತೀಚಿನ ಕನ್ನಡದಲ್ಲಿ ಅದರ ಆರಂಭಕ್ಕೆ ಸಮನಾದದ್ದು ಅಪರೂಪ. 1847ರಲ್ಲಿ ನೆಮ್ಮದಿಯಿಲ್ಲದ ಅರಸನೊಬ್ಬ ಕಾಡಿನಲ್ಲಿ ಪಂಜುರ್ಲಿ ದೈವದ ಕಲ್ಲನ್ನು ಕಾಣುತ್ತಾನೆ. ದೈವವನ್ನು ಪಡೆದು, ಬದಲಿಗೆ ಜನಕ್ಕೆ ಭೂಮಿ ಬಿಟ್ಟುಕೊಡುತ್ತಾನೆ. 1970ರಲ್ಲಿ, ದೈವ ನರ್ತಕನ ಮೈಮೇಲೆ ಬರುವ ಕೋಲದಲ್ಲಿ, ಅವನ ವಂಶದವನು ಆ ಭೂಮಿಯನ್ನು ಮರಳಿ ಕೇಳುತ್ತಾನೆ. ಮಾತಾಡುತ್ತಿರುವುದು ದೈವವೋ ನರ್ತಕನೋ ಎಂಬ ಅವನ ಶಂಕೆಯೇ ಮಹಾಪರಾಧ. ದೈವ ಅವನನ್ನು ಮುಟ್ಟುವುದೂ ಇಲ್ಲ. ನರ್ತಕ ಕಾಡಿಗೆ ಓಡುತ್ತಾನೆ, ಕಣ್ಮರೆಯಾಗುತ್ತಾನೆ. ಮುಂದೆ ಕೋರ್ಟಿನ ಮೆಟ್ಟಿಲ ಮೇಲೆ, ಭೂಮಿ ಮರಳಿ ಕೇಳಿದವನು ರಕ್ತ ಕಾರಿ ಸಾಯುತ್ತಾನೆ.

ಈ ಸಾವಿನ ಜಾಗವನ್ನು ಗಮನಿಸಬೇಕು. ಹಾರರ್ ರೂಢಿಯಂತೆ ಅದು ಕಾಡಿನಲ್ಲಿ, ರಾತ್ರಿಯಲ್ಲಿ ನಡೆಯಬೇಕಿತ್ತು. ನಡೆಯುವುದು ಜನ ಓಡಾಡುವ ನ್ಯಾಯಾಲಯದ ಬಾಗಿಲಲ್ಲಿ, ಭೂಮಿಯ ದಾವೆ ಹೂಡಲು ಬಂದ ಹೊತ್ತಿನಲ್ಲಿ. ಕತ್ತಲಿನಷ್ಟೇ ಕಾಗದಪತ್ರಗಳ ಲೋಕವೂ ದೈವದ ಅಳವಿನಲ್ಲಿದೆ ಎಂದ ಮೇಲೆ ಪ್ರೇಕ್ಷಕನಿಗೆ ಅಡಗಲು ಜಾಗವಿಲ್ಲ. ನರ್ತಕ ಮಾಯವಾದದ್ದನ್ನು ತೋರಿಸಿ, ಎಲ್ಲಿ ಹೋದನೆಂದು ಹೇಳದೆ ಬಿಟ್ಟದ್ದೂ ಮುಖ್ಯ. ಆ ಪ್ರಶ್ನೆ ಇಡೀ ಚಿತ್ರದ ಕೆಳಗೆ ಹರಿಯುತ್ತದೆ.

ಪವನ್ ಕುಮಾರ್ ಅವರ 'ಯು ಟರ್ನ್' (2016) ಇದೇ ವ್ಯಾಕರಣವನ್ನು ಬೆಂಗಳೂರಿನ ಡಬಲ್ ರೋಡ್ ಫ್ಲೈಓವರ್‌ಗೆ ತಂದಿತು: ರಸ್ತೆ ವಿಭಜಕದ ಕಲ್ಲು ಸರಿಸಿ ವಾಹನ ತಿರುಗಿಸುವುದು ಅಲ್ಲಿನ ಅಪರಾಧ. ನಾವೆಲ್ಲ ಮಾಡುವ ಸಣ್ಣ ತಪ್ಪಾದ್ದರಿಂದ ಅದು ಚುಚ್ಚುತ್ತದೆ. ನಿಜವಾಗಿ ಸಿಕ್ಕ ದೃಶ್ಯಗಳೆಂದು ಹೇಳಿಕೊಳ್ಳುವ '6-5=2' (2013) ಮಾತ್ರ ಬೇರೆ ದಾರಿಯದು. ಅದರ ಮೂಲಮಾದರಿ 'ದ ಬ್ಲೇರ್ ವಿಚ್ ಪ್ರಾಜೆಕ್ಟ್' (1999). ಸೆನ್ಸಾರ್ ಪ್ರಮಾಣಪತ್ರ ತೋರಿಸಿದ ಅದೇ ಪರದೆಯಿಂದ 'ಇದು ನಿಜ' ಎನ್ನಿಸಿಕೊಂಡು ಪ್ರೇಕ್ಷಕ ನಂಬಿದ್ದು ಪ್ರತ್ಯೇಕ ಅಧ್ಯಯನಕ್ಕೆ ತಕ್ಕ ವಿಷಯ.

ಆರಂಭದಲ್ಲೇ ಹಠಾತ್ ಸದ್ದು ಮಾಡಿ ಬೆಚ್ಚಿಬೀಳಿಸುವ ಈಚಿನ ಚಿತ್ರಗಳು ಈ ಬಲವನ್ನು ಕೈಬಿಟ್ಟಿವೆ. ಸದ್ದಿಗೆ ಮೈ ನಡುಗುತ್ತದೆ, ಅಷ್ಟೆ. ತಪ್ಪು ನಡೆಯುವುದನ್ನು ಕಂಡೂ ತಡೆಯಲಾಗದ ಪ್ರೇಕ್ಷಕನ ಸಂಕಟ ಅದರಿಂದ ಹುಟ್ಟುವುದಿಲ್ಲ.

ಈ ಅಧ್ಯಯನ ಮುಂದುವರಿಯಬೇಕಾದರೆ ಚಿತ್ರಗಳಷ್ಟೇ ಸಾಲದು, ಅವನ್ನು ನೋಡಿದವರ ನೆನಪೂ ಬೇಕು. ಮೈಸೂರಿನ ಶಾಂತಲಾ ಚಿತ್ರಮಂದಿರ 2020ರಲ್ಲಿ ಮುಚ್ಚಿತು. ಇಂಥ ಮಂದಿರಗಳಲ್ಲಿ 1979ರ 'ನಾ ನಿನ್ನ ಬಿಡಲಾರೆ'ಯಿಂದ ಹಿಡಿದು 'ಆಪ್ತಮಿತ್ರ'ದವರೆಗೆ ಗುಂಪಾಗಿ ಕೂತು ಹೆದರಿದವರು ಕೆಸರೆಯಂಥ ಬಡಾವಣೆಗಳಲ್ಲಿ ಈಗಲೂ ಇದ್ದಾರೆ. ಕನ್ನಡ ಮತ್ತು ಚಲನಚಿತ್ರ ಅಧ್ಯಯನ ವಿಭಾಗಗಳ ಸಂಶೋಧನಾ ವಿದ್ಯಾರ್ಥಿಗಳು ಅವರ ಮಾತನ್ನು ಬೇಗ ದಾಖಲಿಸಿಕೊಳ್ಳಬೇಕು.