ಎರಡು ಮಾಪಕಗಳ ನಡುವಿನ ಅಂತರ: ತೈಲಕ್ಷೇತ್ರದ ತ್ಯಾಜ್ಯನೀರಿನ ಟ್ಯಾಂಕುಗಳಲ್ಲಿ ಮಟ್ಟದ ನಿಗಾ

ತೈಲಬಾವಿಯಿಂದ ಎಣ್ಣೆಯೊಂದೇ ಮೇಲೆ ಬರುವುದಿಲ್ಲ, ಜೊತೆಗೆ ನೀರೂ ಬರುತ್ತದೆ. ಬಾವಿ ಹಳೆಯದಾದಂತೆ ಎಣ್ಣೆಯ ಪಾಲು ಇಳಿದು ನೀರಿನ ಪಾಲು ಏರುತ್ತದೆ. ಅಮೆರಿಕದ ತೈಲ ಮತ್ತು ಅನಿಲ ಕ್ಷೇತ್ರಗಳಿಂದ 2017ರಲ್ಲಿ ಹೊರಬಂದ ಇಂಥ ನೀರು ಸುಮಾರು 2,400 ಕೋಟಿ ಬ್ಯಾರೆಲ್. ಆ ವರ್ಷ ಆ ದೇಶ ತೆಗೆದ ಕಚ್ಚಾತೈಲದ ಆರೇಳು ಪಟ್ಟು ಇದು. ಒಂದು ಬ್ಯಾರೆಲ್ ಎಂದರೆ 159 ಲೀಟರ್. ಸಮುದ್ರದ ನೀರಿನಲ್ಲಿ ಲೀಟರಿಗೆ 35 ಗ್ರಾಂ ಲವಣವಿದ್ದರೆ ನಾರ್ತ್ ಡಕೋಟದ ಬಾಕನ್ ಕ್ಷೇತ್ರದ ನೀರಿನಲ್ಲಿ ಅದು 250 ಗ್ರಾಂ ದಾಟುವುದುಂಟು. ಇಷ್ಟು ಉಪ್ಪು ಹೊಲಕ್ಕೆ ಹರಿದರೆ ಮಣ್ಣು ಚೇತರಿಸಿಕೊಳ್ಳಲು ದಶಕಗಳೇ ಬೇಕು. ನೆಲಕ್ಕೆ ಬಿದ್ದ ಎಣ್ಣೆಯನ್ನು ಸೂಕ್ಷ್ಮಜೀವಿಗಳು ನಿಧಾನವಾಗಿಯಾದರೂ ಒಡೆಯುತ್ತವೆ; ಉಪ್ಪನ್ನು ಒಡೆಯುವ ಜೀವಿ ಯಾವುದೂ ಇಲ್ಲ. ಹಾಗಿದ್ದೂ ಎಣ್ಣೆಯ ಟ್ಯಾಂಕಿನ ಮಟ್ಟವನ್ನು ಅಳೆಯುವಾಗ ತೋರುವ ಶಿಸ್ತು ಈ ನೀರಿನ ಟ್ಯಾಂಕಿಗೆ ಸಿಗುವುದು ಅಪರೂಪ. ಎಣ್ಣೆ ಮಾರಾಟದ ಸರಕು, ಅದರ ಪ್ರತಿ ಅಂಗುಲಕ್ಕೂ ಹಣವಿದೆ. ನೀರು ಬರೀ ಖರ್ಚಿನ ಬಾಬತ್ತು. ಈ ತಾತ್ಸಾರ ತಾಂತ್ರಿಕವಾಗಿಯೂ ತಪ್ಪು ಎಂಬುದನ್ನು ತೋರಿಸುವುದು ಈ ಲೇಖನದ ಉದ್ದೇಶ. ಅಳೆಯಲು ಎಣ್ಣೆಗಿಂತ ಕಷ್ಟವಾದದ್ದು ಈ ನೀರೇ.

ಅಮೆರಿಕದ ಬಾವಿತಾಣಗಳಲ್ಲಿ ಎಲ್ಲೆಲ್ಲೂ ಕಾಣುವ 400 ಬ್ಯಾರೆಲ್ ಟ್ಯಾಂಕನ್ನೇ ನೋಡೋಣ. ವ್ಯಾಸ 12 ಅಡಿ, ಎತ್ತರ 20 ಅಡಿ. ಉಪ್ಪುನೀರು ಉಕ್ಕನ್ನು ತಿನ್ನುತ್ತದೆಂದು ಬಹಳ ಕಡೆ ಫೈಬರ್‌ಗ್ಲಾಸ್ ಟ್ಯಾಂಕುಗಳನ್ನೇ ನಿಲ್ಲಿಸುತ್ತಾರೆ. ಅದರಲ್ಲಿ ಒಂದು ಅಂಗುಲ ಮಟ್ಟವೆಂದರೆ ಸುಮಾರು 267 ಲೀಟರ್. ಹೊರಗಿನಿಂದ ಅದು ನೀರಿನ ಟ್ಯಾಂಕು. ಒಳಗೆ ತಳದಲ್ಲಿ ಮರಳು ಮತ್ತು ಕಬ್ಬಿಣದ ಸಲ್ಫೈಡಿನ ಕೆಸರು, ಅದರ ಮೇಲೆ ಉಪ್ಪುನೀರು, ನೀರಿನ ಮೇಲೆ ಎಣ್ಣೆ ನೀರು ಬೆರೆತ ಗಟ್ಟಿ ಮಡ್ಡಿ, ಮಡ್ಡಿಯ ಮೇಲೆ ತಿಳಿ ಎಣ್ಣೆ, ಎಲ್ಲಕ್ಕೂ ಮೇಲೆ ಹೈಡ್ರೋಕಾರ್ಬನ್ ಆವಿ. ಪ್ರತ್ಯೇಕಕ ಯಂತ್ರ ಬಿಟ್ಟುಹೋದ ಎಣ್ಣೆಯೆಲ್ಲ ಕೊನೆಗೆ ಇಲ್ಲಿಗೇ ಬಂದು ತೇಲುತ್ತದೆ. ಹೀಗಾಗಿ ‘ಮಟ್ಟ ಎಷ್ಟು’ ಎಂದು ಕೇಳಿದರೆ ಕನಿಷ್ಠ ಎರಡು ಉತ್ತರ ಬೇಕು: ದ್ರವದ ನೆತ್ತಿ ಎಲ್ಲಿದೆ, ಎಣ್ಣೆಯೂ ನೀರೂ ಕೂಡುವ ಗೆರೆ ಎಲ್ಲಿದೆ. ಟ್ಯಾಂಕು ಉಕ್ಕುತ್ತದೆಯೇ ಎಂದು ಹೇಳುವುದು ಮೊದಲನೆಯದು. ನೆಲದಾಳಕ್ಕೆ ನೀರು ಇಳಿಸುವ ವಿಲೇವಾರಿ ಬಾವಿಗೆ ಎಣ್ಣೆ ಹೋಗಿ ಕಲ್ಲುಪದರದ ರಂಧ್ರಗಳು ಕಟ್ಟಿಕೊಳ್ಳುತ್ತವೆಯೇ ಎಂದು ಹೇಳುವುದು ಎರಡನೆಯದು.

ಹಿಂದಿನಿಂದ ಬಂದ ಪದ್ಧತಿಯಲ್ಲಿ ಕೆಲಸಗಾರ ಏಣಿ ಹತ್ತಿ, ಮೇಲಿನ ಮುಚ್ಚಳ ತೆಗೆದು, ಗುಂಡು ಕಟ್ಟಿದ ಡಿಪ್ ಟೇಪನ್ನು ತಳ ಮುಟ್ಟುವವರೆಗೆ ಇಳಿಸುತ್ತಾನೆ. ಟೇಪಿಗೆ ನೀರು ತಗುಲಿದರೆ ಬಣ್ಣ ಬದಲಿಸುವ ಪೇಸ್ಟ್ ಬಳಿದಿರುತ್ತಾನೆ. ಟೇಪನ್ನು ಮೇಲೆಳೆದಾಗ ಎಣ್ಣೆ ಒದ್ದೆ ಮಾಡಿದ ಗುರುತೂ ಪೇಸ್ಟಿನ ಬಣ್ಣ ತಿರುಗಿದ ಗುರುತೂ ಒಟ್ಟಿಗೆ ಸಿಗುತ್ತವೆ. ಎರಡೂ ಪ್ರಶ್ನೆಗಳಿಗೆ ಒಂದೇ ಸಲಕ್ಕೆ ಉತ್ತರ ಕೊಡುವ ಈ ವಿಧಾನದ ಸರಳತೆಯನ್ನು ಯಾವ ಎಲೆಕ್ಟ್ರಾನಿಕ್ ಉಪಕರಣವೂ ಪೂರ್ತಿ ಮೀರಿಲ್ಲ. ಆದರೆ ಅದಕ್ಕೆ ತೆತ್ತ ಬೆಲೆ ದೊಡ್ಡದು. 2010ರ ಜನವರಿಯಿಂದ 2015ರ ಮಾರ್ಚ್‌ವರೆಗೆ ಅಮೆರಿಕದ ತೈಲಕ್ಷೇತ್ರಗಳಲ್ಲಿ ಟ್ಯಾಂಕಿನ ಮಟ್ಟ ನೋಡುವಾಗಲೋ ಮಾದರಿ ತೆಗೆಯುವಾಗಲೋ ಒಂಬತ್ತು ಕೆಲಸಗಾರರು ಹಠಾತ್ತನೆ ಸತ್ತದ್ದನ್ನು ಅಲ್ಲಿನ ಔದ್ಯೋಗಿಕ ಆರೋಗ್ಯ ಸಂಸ್ಥೆ ನಿಯೋಷ್ ಗುರುತಿಸಿತು. ಮುಚ್ಚಳ ತೆರೆದೊಡನೆ ನುಗ್ಗುವ ಹೈಡ್ರೋಕಾರ್ಬನ್ ಆವಿ ಗಾಳಿಯ ಆಮ್ಲಜನಕವನ್ನು ಪಕ್ಕಕ್ಕೆ ತಳ್ಳುತ್ತದೆ, ಹೃದಯದ ಲಯವನ್ನೂ ಕೆಡಿಸಬಲ್ಲದು. ಆ ಸಾವುಗಳು ಕಚ್ಚಾತೈಲದ ಟ್ಯಾಂಕುಗಳ ಸುತ್ತ ನಡೆದವು ನಿಜ. ನೀರಿನ ಟ್ಯಾಂಕಿನ ಮೇಲೂ ಅದೇ ಆವಿ ಇದೆ, ಹಲವೆಡೆ ಹೈಡ್ರೋಜನ್ ಸಲ್ಫೈಡೂ ಸೇರಿರುತ್ತದೆ. ಮನುಷ್ಯನನ್ನು ಆ ಮುಚ್ಚಳದ ಬಳಿಯಿಂದ ಇಳಿಸಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಹಾಗೆ ಇಳಿಸಿದ ಮೇಲೆ ಅವನ ಟೇಪು ಹೇಳುತ್ತಿದ್ದ ಎರಡನೆಯ ಸಂಗತಿಯನ್ನು ಯಾವುದು ಹೇಳಬೇಕು ಎಂಬುದೇ ನನ್ನ ಪ್ರಶ್ನೆ.

ಮಟ್ಟವನ್ನು ನೇರವಾಗಿ ಅಳೆಯುವ ಉಪಕರಣಗಳು ಕಡಿಮೆ. ಬಹುತೇಕ ಉಪಕರಣಗಳು ಒತ್ತಡವನ್ನೋ ಪ್ರತಿಧ್ವನಿ ಮರಳುವ ಕಾಲವನ್ನೋ ಅಳೆದು ಅದರಿಂದ ಮಟ್ಟವನ್ನು ಊಹಿಸುತ್ತವೆ. ಆ ಊಹೆಯ ಹಿಂದೆ ದ್ರವದ ಅಥವಾ ಆವಿಯ ಯಾವುದೋ ಒಂದು ಗುಣ ಬದಲಾಗುವುದಿಲ್ಲ ಎಂಬ ನಂಬಿಕೆ ಅಡಗಿದೆ. ತ್ಯಾಜ್ಯನೀರಿನ ಟ್ಯಾಂಕಿನಲ್ಲಿ ಬದಲಾಗುವುದು ನಿಖರವಾಗಿ ಅದೇ ಗುಣ.

ತಳದ ಬಳಿ ಕೂರಿಸುವ ಒತ್ತಡದ ಸೆನ್ಸರನ್ನು ನೋಡಿ. ಅಗ್ಗ, ಗಟ್ಟಿಮುಟ್ಟು, ನೊರೆಗೂ ಆವಿಗೂ ಜಗ್ಗದು. ಟ್ಯಾಂಕಿನಲ್ಲಿ 4.5 ಮೀಟರ್ ದ್ರವವಿದೆ ಎಂದಿಟ್ಟುಕೊಳ್ಳಿ. ಕೆಳಗಿನ 3.9 ಮೀಟರ್ 1.15 ಸಾಪೇಕ್ಷ ಸಾಂದ್ರತೆಯ ಉಪ್ಪುನೀರು, ಮೇಲಿನ 0.6 ಮೀಟರ್ 0.82 ಸಾಂದ್ರತೆಯ ಎಣ್ಣೆ. ತಳದ ಒತ್ತಡ 4.98 ಮೀಟರ್ ಸಿಹಿನೀರಿಗೆ ಸಮ. ಸಿಹಿನೀರಿಗೆ ಹೊಂದಿಸಿದ ಸೆನ್ಸರ್ ಅರ್ಧ ಮೀಟರಿನಷ್ಟು ಹೆಚ್ಚು ತೋರಿಸುತ್ತದೆ. ಆ ತಪ್ಪಿನಿಂದ ಅಪಾಯವಿಲ್ಲ, ನೀರು ಒಯ್ಯುವ ಲಾರಿಯೊಂದು ಬೇಗ ಬಂದೀತು ಅಷ್ಟೆ. ಅದನ್ನೇ ಜಾಣತನದಿಂದ ಉಪ್ಪುನೀರಿನ ಸಾಂದ್ರತೆಗೆ ಹೊಂದಿಸಿದರೆ ಓದು 4.33 ಮೀಟರಿಗೆ ಇಳಿಯುತ್ತದೆ, ನಿಜಕ್ಕಿಂತ 17 ಸೆಂಟಿಮೀಟರ್ ಕಡಿಮೆ. ಅಂದರೆ ಸುಮಾರು 1,800 ಲೀಟರ್ ಲೆಕ್ಕದಿಂದಲೇ ಕಾಣೆ. ಎಣ್ಣೆಯ ಪದರ ದಪ್ಪವಾದಷ್ಟೂ ಈ ತಪ್ಪು ಬೆಳೆಯುತ್ತದೆ, ಬೆಳೆಯುವುದು ಟ್ಯಾಂಕು ಉಕ್ಕುವ ದಿಕ್ಕಿಗೆ.

ಶ್ರವಣಾತೀತ ಧ್ವನಿಯ ಮಾಪಕಕ್ಕೆ ಸಾಂದ್ರತೆಯ ಗೊಡವೆಯಿಲ್ಲ, ಅದರ ತೊಂದರೆ ಆವಿಯದು. ಗಾಳಿಯಲ್ಲಿ 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸೆಕೆಂಡಿಗೆ 343 ಮೀಟರ್ ಓಡುವ ಧ್ವನಿ, ಬಾಕನ್‌ನ ಚಳಿಗಾಲದಲ್ಲಿ ಸಾಮಾನ್ಯವಾದ ಮೈನಸ್ 20 ಡಿಗ್ರಿಯಲ್ಲಿ 319ಕ್ಕೆ ಇಳಿಯುತ್ತದೆ. ಉಷ್ಣತೆಯ ವ್ಯತ್ಯಾಸವನ್ನು ಉಪಕರಣವೇ ಸರಿದೂಗಿಸಿಕೊಳ್ಳುತ್ತದೆ, ಆವಿಯ ಸಂಯೋಜನೆಯನ್ನು ಮಾತ್ರ ಅದು ತಿಳಿಯಲಾರದು. ಮೀಥೇನ್ ಹೆಚ್ಚಿದ್ದರೆ ಧ್ವನಿ ವೇಗ ಪಡೆಯುತ್ತದೆ. ಪ್ರೋಪೇನ್, ಬ್ಯೂಟೇನ್‌ನಂಥ ಭಾರದ ಆವಿ ಸೇರಿದರೆ ಧ್ವನಿ ನಿಧಾನಿಸಿ, ಪ್ರತಿಧ್ವನಿ ತಡವಾಗಿ ಮರಳಿ, ದ್ರವ ಇರುವುದಕ್ಕಿಂತ ಕೆಳಗಿದೆಯೆಂದು ತೋರುತ್ತದೆ. ಈ ತಪ್ಪೂ ಉಕ್ಕುವ ದಿಕ್ಕಿಗೇ. ಹೀಗಾಗಿ ನೆತ್ತಿಯ ಮಟ್ಟಕ್ಕೆ ರಾಡಾರನ್ನು ನಂಬುವುದು ಮೇಲು: ಹೈಡ್ರೋಕಾರ್ಬನ್ ಆವಿಯಲ್ಲಿ ಸೂಕ್ಷ್ಮತರಂಗದ ವೇಗ ಹೆಚ್ಚುಕಡಿಮೆ ಬದಲಾಗದು. 80 ಗಿಗಾಹರ್ಟ್ಸ್ ಆಸುಪಾಸಿನ ಹೊಸ ರಾಡಾರುಗಳ ಕಿರಣ ಕಿರಿದಾದ್ದರಿಂದ ಟ್ಯಾಂಕಿನ ಗೋಡೆ, ಏಣಿ, ಒಳಗಿನ ಕೊಳವೆಗಳಿಂದ ಬರುವ ಸುಳ್ಳು ಪ್ರತಿಧ್ವನಿಯೂ ಕಡಿಮೆ.

ಸರಳಿನ ಗುಂಟ ತರಂಗ ಇಳಿಸುವ ರಾಡಾರು ಎಣ್ಣೆ ನೀರು ಕೂಡುವ ಗೆರೆಯನ್ನೂ ಕಾಣಬಲ್ಲದು. ಎಣ್ಣೆಯ ಡೈಎಲೆಕ್ಟ್ರಿಕ್ ಸ್ಥಿರಾಂಕ 2ರ ಸುಮಾರು, ನೀರಿನದು 80ರ ಸುಮಾರು. ಎಣ್ಣೆಯ ನೆತ್ತಿಯಲ್ಲಿ ಸ್ವಲ್ಪವೇ ಮರಳಿದ ತರಂಗ ನೀರನ್ನು ಮುಟ್ಟಿದಾಗ ಬಹುಪಾಲು ಮರಳುತ್ತದೆ. ಪುಸ್ತಕದ ಮಟ್ಟಿಗೆ ಇದು ಸೊಗಸು. ಟ್ಯಾಂಕಿನೊಳಗೆ ಆ ಗೆರೆ ಗೆರೆಯಾಗಿ ಉಳಿದಿರುವುದಿಲ್ಲ. ಮಡ್ಡಿಪದರ ದಪ್ಪವಿದ್ದರೆ ತರಂಗ ಅದರಲ್ಲೇ ಹೀರಿಹೋಗುತ್ತದೆ, ಪ್ರತಿಧ್ವನಿ ಮಸುಕಾಗುತ್ತದೆ. ಎಣ್ಣೆಪದರ ತೀರ ತೆಳುವಿದ್ದರೆ ಎರಡು ಪ್ರತಿಧ್ವನಿಗಳೂ ಒಂದರೊಳಗೊಂದು ಸೇರಿಹೋಗುತ್ತವೆ. ಎರಡು ತೇಲುಗುಂಡುಗಳ ಮಾಪಕದಲ್ಲಿ ಒಂದು ಎಣ್ಣೆಯ ಮೇಲೆ, ಇನ್ನೊಂದು ನೀರಿನ ಮೇಲೆ ನಿಲ್ಲಬೇಕು. ಮೇಣ ಮೆತ್ತಿಕೊಂಡಾಗ ಗುಂಡು ಇದ್ದಲ್ಲೇ ಕಚ್ಚಿಕೊಳ್ಳುತ್ತದೆ, ಆ ಮೇಲೆ ಅದು ತೋರಿಸುವುದು ಹಳೆಯ ಮಟ್ಟವನ್ನೇ.

ಇಲ್ಲಿಂದ ನನ್ನ ವಾದ. ಒಂದೇ ಟ್ಯಾಂಕಿಗೆ ರಾಡಾರನ್ನೂ ಒತ್ತಡದ ಸೆನ್ಸರನ್ನೂ ಹಾಕಿದಾಗ ಎರಡರ ಓದು ತಾಳೆಯಾಗುವುದಿಲ್ಲ. ನಿಯಂತ್ರಣ ಕೊಠಡಿಯವರು ಸಾಮಾನ್ಯವಾಗಿ ಒಂದನ್ನು ‘ಸರಿ’ ಎಂದು ಆರಿಸಿಕೊಂಡು ಇನ್ನೊಂದನ್ನು ಅದಕ್ಕೆ ಹೊಂದುವಂತೆ ತಿದ್ದುತ್ತಾರೆ. ಹಾಗೆ ತಿದ್ದಿದಾಗ ಅಳಿಸಿಹೋಗುವುದು ಟೇಪಿನ ಎರಡನೆಯ ಗುರುತು. ಒಟ್ಟು ಎತ್ತರವನ್ನು ನೀರಿನ ಸಾಂದ್ರತೆಯಿಂದ ಗುಣಿಸಿ, ಬಂದದ್ದರಲ್ಲಿ ತಳದ ಒತ್ತಡವನ್ನು ಕಳೆದು, ಉಳಿದದ್ದನ್ನು ನೀರು ಮತ್ತು ಎಣ್ಣೆಯ ಸಾಂದ್ರತೆಗಳ ವ್ಯತ್ಯಾಸದಿಂದ ಭಾಗಿಸಿದರೆ ಎಣ್ಣೆಪದರದ ದಪ್ಪ ಸಿಗುತ್ತದೆ. ಮೇಲಿನ ಉದಾಹರಣೆಯಲ್ಲಿ ಲೆಕ್ಕ ಹಾಕಿ ನೋಡಿ, 0.6 ಮೀಟರ್ ಮರಳಿ ಬರುತ್ತದೆ. ಎರಡು ಮಾಪಕಗಳ ಜಗಳವೇ ಇಲ್ಲಿ ಮೂರನೆಯ ಅಳತೆ.

ಆದರೆ ಈ ಲೆಕ್ಕ ನಾಜೂಕಿನದು. ನೀರಿನ ಸಾಂದ್ರತೆ 1.15 ಇರುವಲ್ಲಿ 1.13 ಎಂದು ತಿಳಿದರೆ ಅದೇ ಎಣ್ಣೆಪದರ 0.35 ಮೀಟರಿಗೆ ಕುಗ್ಗಿ ಕಾಣುತ್ತದೆ. ಸಾಂದ್ರತೆಯಲ್ಲಿ ಶೇಕಡಾ ಎರಡಕ್ಕೂ ಕಡಿಮೆ ತಪ್ಪು ದಪ್ಪದಲ್ಲಿ ಶೇಕಡಾ ನಲವತ್ತರಷ್ಟಾಗಿ ಹಿಗ್ಗುತ್ತದೆ. ಬೇರೆ ಬೇರೆ ಬಾವಿಗಳ ನೀರು ಒಂದೇ ಟ್ಯಾಂಕಿಗೆ ಬರುವಲ್ಲಿ, ಹೊಸ ಬಾವಿಗೆ ತುಂಬಿದ್ದ ಸಿಹಿನೀರು ಮರಳಿ ಬರುತ್ತಿರುವಲ್ಲಿ, ಸಾಂದ್ರತೆ ವಾರದಿಂದ ವಾರಕ್ಕೆ ಈ ಪ್ರಮಾಣದಲ್ಲಿ ಸುಲಭವಾಗಿ ಅಲುಗುತ್ತದೆ. ಅದಕ್ಕೆ ಪರಿಹಾರವೂ ಕೈಗೆಟಕುವಂಥದೇ. ಟ್ಯಾಂಕಿನ ಬದಿಯಲ್ಲಿ ಎರಡು ಎತ್ತರಗಳಲ್ಲಿ, ಎರಡೂ ನೀರಿನ ಪದರದೊಳಗೇ ಮುಳುಗಿರುವಂತೆ, ಒತ್ತಡದ ಸೆನ್ಸರುಗಳನ್ನು ಕೂರಿಸಿದರೆ ಅವುಗಳ ನಡುವಿನ ವ್ಯತ್ಯಾಸ ನೀರಿನ ಸಾಂದ್ರತೆಯನ್ನು ಆಗಿಂದಾಗ್ಗೆ ಕೊಡುತ್ತದೆ. ಯಾರೂ ಏಣಿ ಹತ್ತಬೇಕಿಲ್ಲ. ಕೆಳಗಿನದು ಕೆಸರಿನಲ್ಲಿ ಹೂತುಹೋಗದಷ್ಟು ಮೇಲಿರಬೇಕು ಎಂಬುದೊಂದೇ ಷರತ್ತು.

ಓದು ಸರಿಯೇ ಎಂಬ ಪ್ರಶ್ನೆಯ ಜೊತೆಗೆ ಓದು ಜೀವಂತವಾಗಿದೆಯೇ ಎಂಬುದೂ ಇದೆ. ಇಂಗ್ಲೆಂಡಿನ ಬನ್ಸ್‌ಫೀಲ್ಡ್ ದಾಸ್ತಾನು ಕೇಂದ್ರದಲ್ಲಿ 2005ರ ಡಿಸೆಂಬರ್ 11ರ ನಸುಕಿನ 3 ಗಂಟೆ ಸುಮಾರಿಗೆ 912ನೇ ಟ್ಯಾಂಕಿನ ಮಾಪಕ ಸಿಕ್ಕಿಹಾಕಿಕೊಂಡಿತು. ಕೊಳವೆಯಲ್ಲಿ ಪೆಟ್ರೋಲ್ ಬರುತ್ತಲೇ ಇತ್ತು, ಪರದೆಯ ಮೇಲಿನ ಗೆರೆ ಮಟ್ಟಸವಾಗಿ ಓಡಿತು. ಸ್ವತಂತ್ರವಾಗಿ ಕೆಲಸ ಮಾಡಬೇಕಿದ್ದ ಮೇಲ್ಮಟ್ಟದ ಸ್ವಿಚ್ಚೂ ಸುಮ್ಮನಿತ್ತು. ಎರಡೂವರೆ ಲಕ್ಷ ಲೀಟರಿಗೂ ಹೆಚ್ಚು ಪೆಟ್ರೋಲ್ ಹೊರಚೆಲ್ಲಿ 6 ಗಂಟೆಗೆ ಸ್ಫೋಟವಾಯಿತು. ಅಲ್ಲಿದ್ದದ್ದು ಪೆಟ್ರೋಲ್, ನಮ್ಮದು ಉಪ್ಪುನೀರು. ಒಳಹರಿವು ಇರುವಾಗ ಮಟ್ಟ ಕದಲದಿದ್ದರೆ ಅದೇ ಎಚ್ಚರಿಕೆಯ ಗಂಟೆಯಾಗಬೇಕು ಎಂಬ ನಿಯಮ ಎರಡಕ್ಕೂ ಒಂದೇ. ಕಂಪ್ಯೂಟರಿಗೆ ಇದು ನಾಲ್ಕು ಸಾಲಿನ ಕೆಲಸ.

ಬಂದದ್ದಕ್ಕೂ ಹೋದದ್ದಕ್ಕೂ ಲೆಕ್ಕ ಹೊಂದಿಸುವ ಈ ಅಭ್ಯಾಸವನ್ನು ಟ್ಯಾಂಕಿನಿಂದಾಚೆಗೂ ಒಯ್ಯಬೇಕು. ನಾರ್ತ್ ಡಕೋಟದ ಬ್ಲ್ಯಾಕ್‌ಟೇಲ್ ಹಳ್ಳದ ಬಳಿ ತ್ಯಾಜ್ಯನೀರಿನ ಕೊಳವೆಮಾರ್ಗವೊಂದು 2014ರ ಆಗಸ್ಟಿನಿಂದ 2015ರ ಜನವರಿಯವರೆಗೆ ಸೋರಿ, ಸುಮಾರು 7 ಲಕ್ಷ ಬ್ಯಾರೆಲ್, ಅಂದರೆ 11 ಕೋಟಿ ಲೀಟರ್ ಉಪ್ಪುನೀರು ಹೊರಹೋಯಿತು. ಕಳಿಸುವ ತುದಿಯ ಮತ್ತು ತಲುಪುವ ತುದಿಯ ಟ್ಯಾಂಕುಗಳ ಏರಿಳಿತವನ್ನು ದಿನವೂ ಎದುರುಬದುರು ಇಟ್ಟು ನೋಡುವ ಏರ್ಪಾಡಿದ್ದರೆ ಇಷ್ಟು ದೊಡ್ಡ ಸೋರಿಕೆ ಐದು ತಿಂಗಳು ನಡೆಯುವುದು ಕಷ್ಟ. ಅಂಗುಲಕ್ಕೆ 267 ಲೀಟರ್ ಎಂಬ ಒರಟು ಅಳತೆಯೂ ಅಂಥ ಕಡೆ ಸಾಕಾಗುತ್ತದೆ.

ಭಾರತದ ಮಟ್ಟಿಗೆ ಈ ಚರ್ಚೆ ಹೆಚ್ಚು ಹತ್ತಿರವಾಗುವುದು ರಾಜಸ್ಥಾನದ ಬಾಡಮೇರಿನ ಮಂಗಳಾ ಕ್ಷೇತ್ರದಲ್ಲಿ. 2009ರಲ್ಲಿ ಉತ್ಪಾದನೆ ಆರಂಭಿಸಿದ ಈ ಕ್ಷೇತ್ರದ ಎಣ್ಣೆ ಮೇಣದಂಶ ಹೆಚ್ಚಿರುವಂಥದು. ಬಿಸಿ ಆರಿದರೆ ಗಟ್ಟಿಯಾಗುತ್ತದೆಂದು ಅದನ್ನು ಕಾಯಿಸಿದ ಕೊಳವೆಮಾರ್ಗದಲ್ಲೇ ಸಾಗಿಸುತ್ತಾರೆ. ಎಣ್ಣೆಯನ್ನು ಹೆಚ್ಚು ಹೊರತೆಗೆಯಲು ನೆಲದಾಳಕ್ಕೆ ಪಾಲಿಮರ್ ಬೆರೆಸಿದ ನೀರನ್ನೂ ಇಳಿಸುತ್ತಾರೆ. ಇಂಥ ಕಡೆ ಮರಳಿ ಬರುವ ನೀರಿನಲ್ಲಿ ಉಳಿದ ಪಾಲಿಮರ್ ನೀರನ್ನು ಮಂದಗೊಳಿಸುತ್ತದೆ, ಎಣ್ಣೆಯ ಹನಿಗಳು ಮೇಲೇರುವುದು ನಿಧಾನವಾಗುತ್ತದೆ, ಮಡ್ಡಿಪದರ ದಪ್ಪವಾಗುತ್ತದೆ. ತೇಲುಗುಂಡಿಗೆ ಮೇಣದ ಕಾಟ, ಸರಳು ರಾಡಾರಿಗೆ ಮಡ್ಡಿಯ ಕಾಟ. ನೆತ್ತಿಗೆ ಮುಟ್ಟದ ರಾಡಾರು, ಬದಿಗೆ ಎರಡು ಒತ್ತಡದ ಸೆನ್ಸರು ಎಂಬ ಜೋಡಣೆಯನ್ನು ಮೊದಲು ಪರೀಕ್ಷಿಸಬೇಕಾದದ್ದು ಇಂಥ ಕ್ಷೇತ್ರಗಳಲ್ಲೇ ಎಂದು ನನಗನ್ನಿಸುತ್ತದೆ.

ಈ ಮೂರರ ಜೊತೆ ಮೇಲ್ಮಟ್ಟದ ಸ್ವಿಚ್ಚೊಂದು ಪ್ರತ್ಯೇಕ ತಂತಿಯಲ್ಲಿ, ಕಂಪ್ಯೂಟರಿನ ಹಂಗಿಲ್ಲದೆ, ಒಳಹರಿವಿನ ಕವಾಟವನ್ನು ತಾನೇ ಮುಚ್ಚುವಂತಿರಬೇಕು. ಅದನ್ನು ಎಷ್ಟು ಎತ್ತರದಲ್ಲಿ ಕೂರಿಸಬೇಕೆಂಬುದನ್ನು ಟ್ಯಾಂಕಿನ ಅಂಚಿನಿಂದಲ್ಲ, ಕವಾಟ ಮುಚ್ಚಲು ಹಿಡಿಯುವ ಸಮಯದಲ್ಲಿ ಗರಿಷ್ಠ ಹರಿವಿನಲ್ಲಿ ಎಷ್ಟು ನೀರು ಬರುತ್ತದೆ ಎಂಬುದರಿಂದ ಲೆಕ್ಕ ಹಾಕಬೇಕು. ಗಂಟೆಗೆ 100 ಬ್ಯಾರೆಲ್ ಬರುವ ಟ್ಯಾಂಕಿನಲ್ಲಿ ಮಟ್ಟ ಗಂಟೆಗೆ ಐದು ಅಡಿ ಏರುತ್ತದೆ, ನಿಮಿಷಕ್ಕೆ ಒಂದಂಗುಲ. ಕವಾಟ ತಾನಾಗಿ ಮುಚ್ಚುವುದಾದರೆ ಕೆಲವೇ ಅಂಗುಲ ಸಾಕು. ಗಂಟೆ ಕೇಳಿ ಮನುಷ್ಯನೊಬ್ಬ ಮುಕ್ಕಾಲು ಗಂಟೆ ದಾರಿಯ ಆಚೆಯಿಂದ ವಾಹನದಲ್ಲಿ ಬರಬೇಕಿದ್ದರೆ ಸ್ವಿಚ್ಚು ಅಂಚಿಗಿಂತ ನಾಲ್ಕಡಿ ಕೆಳಗಿರಬೇಕು, ಟ್ಯಾಂಕಿನ ಐದನೆಯ ಒಂದು ಭಾಗವನ್ನು ಖಾಲಿ ಬಿಡಲು ಮಾಲೀಕರು ಒಪ್ಪಬೇಕು.