ಯಜ್ಞವೇದಿಯ ಶುದ್ಧಿಯೂ ವಿಧವೆಯ ವಿವಾಹವೂ

ಆರೋನನ ವಂಶದಲ್ಲಿ ಹುಟ್ಟಿ ಯಜ್ಞವೇದಿಯನ್ನು ಸಮೀಪಿಸುವ ಯಾಜಕನು ವೇಶ್ಯೆಯನ್ನಾಗಲಿ, ಶೀಲಗೆಟ್ಟವಳನ್ನಾಗಲಿ, ಗಂಡ ಬಿಟ್ಟವಳನ್ನಾಗಲಿ ವರಿಸಕೂಡದೆಂದೂ, ಮಹಾಯಾಜಕನಿಗೆ ಮಾತ್ರ ವಿಧವೆಯೂ ನಿಷಿದ್ಧಳೆಂದೂ ಯಾಜಕಕಾಂಡದ 21ನೆಯ ಅಧ್ಯಾಯವು ವಿಧಿಸುತ್ತದೆ. ಯಾಜಕನು ಯಾರ ಶವವನ್ನು ಮುಟ್ಟಬಹುದು, ಗಡ್ಡವನ್ನು ಹೇಗಿಟ್ಟುಕೊಳ್ಳಬೇಕು, ಯಾವ ಅಂಗದೋಷವುಳ್ಳವನು ವೇದಿಯ ಬಳಿಸಾರಬಾರದು ಎಂಬುದನ್ನೂ ಅದೇ ಅಧ್ಯಾಯವು ಹೇಳುವುದರಿಂದ, ಈ ವಿವಾಹನಿಯಮವು ಸರ್ವರಿಗೂ ಸಲ್ಲುವ ದಾಂಪತ್ಯನೀತಿಯಲ್ಲ, ವೇದಿಯ ಮಡಿಯನ್ನು ಕಾಯುವ ಆಚಾರಗಳಲ್ಲೊಂದು ಎಂಬುದು ವಿಶದವಾಗಿದೆ. ಯಾಜಕತ್ವವು ತಂದೆಯಿಂದ ಮಗನಿಗೆ ಇಳಿದುಬರುತ್ತಿದ್ದ ಕಾರಣ ಕುಲಶುದ್ಧಿಯ ಚಿಂತೆಯೂ ಅದರೊಡನೆ ಬೆರೆತಿದ್ದಿತು. ಈಜಿಪ್ಟಿನಲ್ಲಿಯೂ ಬಾಬಿಲೋನಿನಲ್ಲಿಯೂ ನೆಲಸಿದ್ದ ಯಾಜಕರು ವಧುವಿನ ಪೂರ್ವಿಕರ ಹೆಸರುಗಳನ್ನು ಯೆರೂಸಲೇಮಿಗೆ ಬರೆದು ಕಳುಹಿಸುತ್ತಿದ್ದರೆಂದು, ಸ್ವತಃ ಯಾಜಕಕುಲದವನಾದ ಇತಿಹಾಸಕಾರ ಜೋಸೆಫಸನು ದಾಖಲಿಸಿದ್ದಾನೆ.

ಕ್ರಿ.ಶ. 70ರಲ್ಲಿ ಯೆರೂಸಲೇಮಿನ ದೇವಾಲಯವೇ ನಾಶವಾಯಿತು. ಕ್ರೈಸ್ತ ಸಭೆಯಲ್ಲಿ ವಂಶಪಾರಂಪರ್ಯದ ಯಾಜಕತ್ವವಿರಲಿಲ್ಲ. ಬಿಷಪನು ಏಕಪತ್ನಿಯುಳ್ಳವನಾಗಿರಬೇಕೆಂದು ತಿಮೊಥೆಯನಿಗೆ ಬರೆದ ಮೊದಲನೆಯ ಪತ್ರವು ಹೇಳುತ್ತದಾದರೂ, ಅದೇ ಪತ್ರವು ಯೌವನಸ್ಥ ವಿಧವೆಯರು ಮದುವೆಯಾಗಿ ಮನೆತನ ನಡೆಸಲೆಂದು ಮನಃಪೂರ್ವಕವಾಗಿ ಹಾರೈಸುತ್ತದೆ. ಈ ಹಾರೈಕೆಯನ್ನು ಮುಂದಿನವರು ಎಷ್ಟು ಬೇಗ ಮರೆತರೆಂಬುದನ್ನು ನೆನೆದರೆ ವ್ಯಸನವಾಗುತ್ತದೆ.

ಪ್ರಾಚೀನ ನಿಯಮವನ್ನು ಕ್ರೈಸ್ತರ ಮೇಲೆ ಸಂಪೂರ್ಣವಾಗಿ ಹೇರಲು ಹೊರಟವನು, 3ನೆಯ ಶತಮಾನದ ಆದಿಯಲ್ಲಿ ಕಾರ್ಥೇಜಿನಲ್ಲಿ ಬರೆಯುತ್ತಿದ್ದ ತೆರ್ತುಲ್ಲಿಯನನು. ಕ್ರಿಸ್ತನು ಸರ್ವರನ್ನೂ ಯಾಜಕರನ್ನಾಗಿ ಮಾಡಿರುವನಾದರೆ, ಯಾಜಕನಿಗೆ ನಿಷಿದ್ಧವಾದ ಪುನರ್ವಿವಾಹವು ಸಾಮಾನ್ಯ ವಿಶ್ವಾಸಿಗೂ ನಿಷಿದ್ಧವೇ ಆಗಬೇಕೆಂಬುದು ಅವನ ವಾದ. ನಿಷ್ಠುರವಾದರೂ ಇದು ಪ್ರಾಮಾಣಿಕವಾದ ವಾದ, ಏಕೆಂದರೆ ತನಗೊಂದು ಪರರಿಗೊಂದು ಎಂಬ ಭೇದ ಇದರಲ್ಲಿಲ್ಲ. ಆದರೆ ಯಾಜಕರು ಒಮ್ಮೆಗಿಂತ ಹೆಚ್ಚು ಸಲ ಮದುವೆಯಾಗಕೂಡದೆಂಬ ಯಾವ ವಾಕ್ಯವನ್ನು ಅವನು ಮೋಶೆಯದೆಂದು ಮುಂದಿಟ್ಟನೋ ಆ ವಾಕ್ಯವು ನಮಗೆ ದೊರೆತಿರುವ ಯಾಜಕಕಾಂಡದಲ್ಲಿ ಎಲ್ಲಿಯೂ ಇಲ್ಲ. ಕ್ರಿ.ಶ. 385ರಲ್ಲಿ ಪೋಪ್ ಸಿರಿಸಿಯಸನು ಸ್ಪೇನಿನ ಬಿಷಪನಾದ ಹಿಮೇರಿಯಸನಿಗೆ ಬರೆದ ಪತ್ರದಲ್ಲಿ ಅಂಥದೇ ವಾಕ್ಯ ಮತ್ತೆ ಮೋಶೆಯ ಹೆಸರಿನಲ್ಲಿ ಬರುತ್ತದೆ. ಅದರ ಬೆನ್ನಿಗೇ, ಮಹಾಯಾಜಕನೊಬ್ಬನಿಗೆ ಮೀಸಲಾಗಿದ್ದ ವಿಧವಾನಿಷೇಧವು ಇಡೀ ಯಾಜಕವರ್ಗಕ್ಕೆ ಅನ್ವಯವಾಗುತ್ತದೆ. ವಿಧವೆಯನ್ನು ಕೈಹಿಡಿದವನು, ಅವನಿಗದು ಮೊದಲನೆಯ ವಿವಾಹವೇ ಆಗಿದ್ದರೂ, ದ್ವಿವಿವಾಹಿಯೆಂದೇ ಗಣಿತನಾಗಿ ಅಭಿಷೇಕಕ್ಕೆ ಅನರ್ಹನಾದನು. ದೀಕ್ಷಾಸ್ನಾನಕ್ಕೆ ಮುನ್ನ ಒಮ್ಮೆ, ಅನಂತರ ಒಮ್ಮೆ ಮದುವೆಯಾಗಿದ್ದ ಕಾರ್ಟೇರಿಯಸನೆಂಬ ಬಿಷಪನ ಪರವಾಗಿ ಕ್ರೈಸ್ತ ವಿದ್ವಾಂಸ ಜೆರೋಮನು, ಸಕಲ ಪಾಪಗಳನ್ನೂ ತೊಳೆಯುವ ಸ್ನಾನವು ಹಳೆಯ ವಿವಾಹವೊಂದನ್ನು ಮಾತ್ರ ತೊಳೆಯದೆ ಬಿಡುವುದೇ ಎಂದು ವಾದಿಸಿದನಾದರೂ, ರೋಮಿನ ಪೀಠವು ಅದನ್ನು ಒಪ್ಪಲಿಲ್ಲ.

ಈ ನಿಯಮವು ನಮ್ಮ ಪಶ್ಚಿಮ ಕರಾವಳಿಗೂ ಬಂದಿಳಿಯಿತು. 1599ರ ಜೂನ್ ತಿಂಗಳಲ್ಲಿ ಗೋವೆಯ ಆರ್ಚ್‌ಬಿಷಪ್ ಅಲೆಕ್ಸೊ ದ ಮೆನೆಜಿಸನು ಕೇರಳದ ಉದಯಂಪೇರೂರಿನಲ್ಲಿ ಸೇರಿಸಿದ ಸಭೆಯು ಅಲ್ಲಿನ ಸಿರಿಯನ್ ಕ್ರೈಸ್ತರ ಕತ್ತನಾರರಿಗೆ, ಎಂದರೆ ಯಾಜಕರಿಗೆ, ಬ್ರಹ್ಮಚರ್ಯವನ್ನು ವಿಧಿಸಿತು. ಅವರು ಅಭಿಷೇಕವಾದ ಮೇಲೆ ಮದುವೆಯಾಗುತ್ತಿದ್ದರು, ವಿಧವೆಯರನ್ನು ವರಿಸುತ್ತಿದ್ದರು, ಕೆಲವರು ಒಂದಕ್ಕಿಂತ ಹೆಚ್ಚು ಸಲ ಮದುವೆಯಾಗಿದ್ದರು ಎಂಬುದು ಆ ಸಭೆಯ ಆಕ್ಷೇಪ. ಆದರೆ ಅವರು ಸ್ವೇಚ್ಛಾಚಾರಿಗಳಾಗಿರಲಿಲ್ಲ. ಅವರ ಮಾತೃಸಭೆಯಾದ ಪರ್ಷಿಯಾದ ಪೂರ್ವಸಭೆಯು 486ರಷ್ಟು ಹಿಂದೆಯೇ ಯಾಜಕರ ವಿವಾಹವನ್ನು ವಿಧಿವತ್ತಾಗಿ ಮಾನ್ಯಮಾಡಿದ್ದಿತು. ಸಾವಿರ ವರ್ಷಗಳಿಗೂ ಮೀರಿದ ಒಂದು ಪರಂಪರೆಯು ಕೆಲವೇ ದಿನಗಳ ಅಧಿವೇಶನದಲ್ಲಿ ದೋಷವೆನಿಸಿತು. ಧರ್ಮಸಮ್ಮತವಾಗಿ ಕೈಹಿಡಿದ ಹೆಂಡಿರ ಗತಿಯೇನೆಂಬ ಪ್ರಶ್ನೆ ಹೆಣ್ಣಿನ ಪಕ್ಷದಿಂದ ಅಲ್ಲಿ ಕೇಳಿಬರುವಂತಿರಲಿಲ್ಲ. ವಿಧವೆಯ ಬಾಳೆಂದರೇನೆಂಬುದನ್ನು ಬಲ್ಲ ಈ ದೇಶದಲ್ಲಿ, ವಿಧವೆಯನ್ನು ವರಿಸಿದ ಯಾಜಕನನ್ನು ಅಪರಾಧಿಯೆನ್ನಲು ನನ್ನ ಮನಸ್ಸು ಒಪ್ಪದು.

1917ರ ಕ್ಯಾಥೊಲಿಕ್ ಧರ್ಮಸಂಹಿತೆಯು ವಿಧವೆಯನ್ನು ವರಿಸಿದವನ ಮೇಲಿನ ಕಳಂಕವನ್ನು ಕೈಬಿಟ್ಟು ಎರಡು ಸಲ ಮದುವೆಯಾದವನ ಅನರ್ಹತೆಯನ್ನು ಮಾತ್ರ ಉಳಿಸಿಕೊಂಡಿತು. 1983ರ ಸಂಹಿತೆಯಲ್ಲಿ ಅದೂ ಇಲ್ಲ. ಯಾಜಕಕುಲದ ಯೆಹೂದಿಯು ಪರಿತ್ಯಕ್ತೆಯನ್ನು ವರಿಸುವುದಕ್ಕೆ ಇಸ್ರೇಲಿನ ರಬ್ಬಿಗಳ ನ್ಯಾಯಪೀಠವು ಇಂದಿಗೂ ಸಮ್ಮತಿಸದು. ಆದರೆ ಅಲ್ಲಿ ಕುಲವೂ ಇದೆ, ದೇವಾಲಯದ ನಿರೀಕ್ಷೆಯೂ ಇದೆ, ಆದುದರಿಂದ ಆ ನಿಯಮಕ್ಕೆ ನೆಲೆಯಿದೆ. ಇಂದಿನ ಸಭಾಪಾಲಕನ ಮದುವೆಗೆ ಅದೇ ಅಧ್ಯಾಯವನ್ನು ಪ್ರಮಾಣವಾಗಿ ತರುವವರು ಗಡ್ಡದ ವಿಧಿಯನ್ನು ಏಕೆ ಬಿಟ್ಟರು, ಕುಂಟನನ್ನೂ ಕುರುಡನನ್ನೂ ವೇದಿಯಿಂದ ದೂರವಿರಿಸುವ ವಿಧಿಯನ್ನು ಏಕೆ ಬಿಟ್ಟರು ಎಂಬುದಕ್ಕೆ ಉತ್ತರ ಕೊಡಬೇಕಾಗುತ್ತದೆ. ಆರ್ಥೊಡಾಕ್ಸ್ ಸಭೆಗಳಲ್ಲಿ ವಿಧವೆಯನ್ನಾಗಲಿ ಪರಿತ್ಯಕ್ತೆಯನ್ನಾಗಲಿ ವರಿಸಿದವನಿಗೆ ಅಭಿಷೇಕವನ್ನು ನಿರಾಕರಿಸುವ ಪ್ರಾಚೀನ ನಿಯಮ ಇನ್ನೂ ರದ್ದಾಗಿಲ್ಲ. 2018ರಲ್ಲಿ ಕಾನ್‌ಸ್ಟಾಂಟಿನೋಪಲಿನ ಪೀಠವು, ಹೆಂಡತಿ ಸತ್ತ ಅಥವಾ ಬಿಟ್ಟುಹೋದ ಪಾದ್ರಿಗೆ, ಆಯಾ ಪ್ರಸಂಗವನ್ನು ಪರಿಶೀಲಿಸಿ, ಎರಡನೆಯ ವಿವಾಹಕ್ಕೆ ಅನುಮತಿ ನೀಡಬಹುದೆಂದು ನಿರ್ಣಯಿಸಿತು. ಹೆಂಡತಿಯನ್ನು ಕಳೆದುಕೊಂಡ ಯಾಜಕನಿಗೆ ದೊರೆತ ಆ ಕರುಣೆಯು ಗಂಡನನ್ನು ಕಳೆದುಕೊಂಡು ಯಾಜಕನ ಮನೆ ತುಂಬಬಯಸುವವಳಿಗೂ ದೊರೆಯಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ.