‘ಫಂಕ್ಷನ್’ ಎಂಬ ಶಬ್ದದ ಅರ್ಥವಿಚಾರ

ಇಂಗ್ಲಿಷಿನಿಂದ ಕನ್ನಡಕ್ಕೆ ಬಂದ ಶಬ್ದಗಳಲ್ಲಿ ಅನೇಕವು ವಸ್ತುವಿನೊಡನೆಯೇ ಬಂದುವು. ರೈಲು, ಟಿಕೆಟ್ಟು, ಪೋಸ್ಟು ಮುಂತಾದುವು ಈ ಬಗೆಯವು. ವಸ್ತು ನಮ್ಮಲ್ಲಿ ಇರಲಿಲ್ಲ. ಆದುದರಿಂದ ಹೆಸರೂ ಇರಲಿಲ್ಲ. ‘ಫಂಕ್ಷನ್’ ಎಂಬ ಶಬ್ದದ ವಿಷಯ ಹೀಗಲ್ಲ. ಮದುವೆ, ಉಪನಯನ, ಗೃಹಪ್ರವೇಶ, ಶಾಲೆಯ ವಾರ್ಷಿಕೋತ್ಸವ, ಸೇತುವೆಯ ಪ್ರಾರಂಭ ಇವೆಲ್ಲಕ್ಕೂ ನಮ್ಮಲ್ಲಿ ಬೇರೆ ಬೇರೆ ಹೆಸರುಗಳಿದ್ದರೂ, ಇಂದು ನಗರದಲ್ಲಿಯೂ ಹಳ್ಳಿಯಲ್ಲಿಯೂ ಜನರು ಇವನ್ನೆಲ್ಲ ಈ ಒಂದೇ ಮಾತಿನಿಂದ ಕರೆಯುವುದುಂಟು. ಈ ಶಬ್ದದ ಮೂಲವೇನು, ಇದಕ್ಕೆ ಸಮನಾದ ನಮ್ಮ ಶಬ್ದಗಳ ಚರಿತ್ರೆ ಯಾವುದು, ಇದರ ಬಳಕೆಯಿಂದ ನಮಗೇನಾದರೂ ನಷ್ಟವುಂಟೆ ಎಂಬುದನ್ನು ಸಂಗ್ರಹವಾಗಿ ವಿಚಾರಿಸುವುದೇ ಈ ಲೇಖನದ ಉದ್ದೇಶ.

‘ಫಂಕ್ಷನ್’ ಶಬ್ದವು ಲ್ಯಾಟಿನ್ ಭಾಷೆಯ ‘ಫುಂಗಿ’ ಎಂಬ ಕ್ರಿಯಾಪದದಿಂದ ಹುಟ್ಟಿದುದು. ನೆರವೇರಿಸುವುದು, ವಹಿಸಿದ ಹೊಣೆಯನ್ನು ಸಲ್ಲಿಸುವುದು ಎಂದು ಅದರ ಅರ್ಥ. ಕೆಲಸ ಮುಗಿದು ಅಧಿಕಾರ ತೀರಿದವನನ್ನು ನ್ಯಾಯಶಾಸ್ತ್ರದಲ್ಲಿ ‘ಫಂಕ್ಟಸ್ ಅಫಿಷಿಯೊ’ ಎನ್ನುವುದೂ, ಗತಿಸಿದುದನ್ನು ‘ಡಿಫಂಕ್ಟ್’ ಎನ್ನುವುದೂ ಇದೇ ಮೂಲದಿಂದಲೇ. ಇಂಗ್ಲಿಷಿನಲ್ಲಿಯೂ ಮೊದಲು ಈ ಶಬ್ದಕ್ಕೆ ಅಧಿಕಾರಿಯ ಕರ್ತವ್ಯ, ಶರೀರದ ಅಂಗವೊಂದರ ವ್ಯಾಪಾರ ಎಂಬ ಅರ್ಥಗಳೇ ಇದ್ದುವು. 17ನೆಯ ಶತಮಾನದಲ್ಲಿ ರೋಮನ್ ಕ್ಯಾಥೊಲಿಕ್ ಮತದ ಪೂಜಾವಿಧಿಗಳಿಗೆ ಈ ಹೆಸರು ಸಂದಿತು. ಪುರೋಹಿತನು ಸಲ್ಲಿಸಬೇಕಾದ ಕರ್ತವ್ಯವೇ ವಿಧಿಯಾದುದರಿಂದ ಈ ಅರ್ಥಸಂಕ್ರಮಣವು ಸಹಜವಾದುದು. ಮುಂದೆ 19ನೆಯ ಶತಮಾನದಲ್ಲಿ ಅದು ದೇವಾಲಯದಿಂದ ಹೊರಬಂದು, ವಿಧ್ಯುಕ್ತವಾಗಿ ನಡೆಯುವ ಲೌಕಿಕ ಕೂಟಕ್ಕೂ ಹೆಸರಾಯಿತು. ಕನ್ನಡದ ಆಡುಮಾತು ಸ್ವೀಕರಿಸಿರುವುದು ಮುಖ್ಯವಾಗಿ ಈ ಕಡೆಯ ಅರ್ಥವನ್ನೇ.

ನಮ್ಮ ಶಬ್ದಗಳೂ ಇದೇ ದಾರಿಯಲ್ಲಿ ನಡೆದಿರುವುದು ಗಮನಿಸತಕ್ಕ ವಿಷಯ. ‘ಕಾರ್ಯ’ವೆಂದರೆ ಮಾಡಬೇಕಾದುದು. ಆದರೆ ಶುಭಕಾರ್ಯ, ದೇವಕಾರ್ಯ ಎನ್ನುವಾಗ ಅದಕ್ಕೆ ವಿಧಿಯೆಂಬ ಅರ್ಥವು ಬರುತ್ತದೆ. “ಅವರ ಮನೆಯಲ್ಲಿ ಕಾರ್ಯವಿದೆ” ಎಂದರೆ ನೆಂಟರು ನೆರೆಯುವ ಸಂದರ್ಭವೆಂದೇ ತಿಳಿಯುತ್ತೇವೆ. ‘ಸಮಾರಂಭ’ದ ಚರಿತ್ರೆಯೂ ಇಂತಹುದೇ. ಸಂಸ್ಕೃತದಲ್ಲಿ ಅದಕ್ಕೆ ಉದ್ಯೋಗ, ಕೈಕೊಂಡ ಕೆಲಸ ಎಂದರ್ಥ. ಭಗವದ್ಗೀತೆಯ ನಾಲ್ಕನೆಯ ಅಧ್ಯಾಯದಲ್ಲಿ ಈ ಶಬ್ದವು ಆ ಅರ್ಥದಲ್ಲಿಯೇ ಬಂದಿದೆ. ಕನ್ನಡದಲ್ಲಿ ಅದು ಹಾರ, ಭಾಷಣ, ವಂದನಾರ್ಪಣೆಗಳ ಸಭೆಯಾಗಿದೆ. ಹೀಗೆ ಮೂರು ಶಬ್ದಗಳೂ ಕರ್ತವ್ಯದಲ್ಲಿ ಹುಟ್ಟಿ ಸಂಭ್ರಮದಲ್ಲಿ ನಿಂತಿವೆ. ಆದುದರಿಂದ ‘ಫಂಕ್ಷನ್’ ಪರಕೀಯವೆಂಬ ಒಂದೇ ಕಾರಣದಿಂದ ಅದನ್ನು ದೂಷಿಸುವುದು ಯುಕ್ತವಲ್ಲ. ದೋಷವಿರುವುದು ಅದರ ಸಾಮಾನ್ಯತೆಯಲ್ಲಿ.

ನಮ್ಮ ಪೂರ್ವಿಕರು ಪ್ರತಿಯೊಂದು ವಿಧಿಯನ್ನೂ ಅಲ್ಲಿ ನಡೆಯುವ ಕ್ರಿಯೆಯಿಂದಲೇ ಹೆಸರಿಸುತ್ತಿದ್ದರು. ಅರಸನ ಹಣೆಗೆ ಪಟ್ಟವನ್ನು ಕಟ್ಟುವುದು ಪಟ್ಟಬಂಧ. ದಾನಶಾಸನಗಳಲ್ಲಿ ಬರುವ ‘ಧಾರಾಪೂರ್ವಕ’ವೆಂಬ ಮಾತು ಅಲಂಕಾರಕ್ಕಾಗಿ ಬಂದುದಲ್ಲ, ನೀರೆರೆದು ಕೊಟ್ಟುದರಿಂದಲೇ ಭೂಮಿಯು ಪ್ರತಿಗ್ರಾಹಿಗೆ ಸಂದಿತೆಂಬುದಕ್ಕೆ ಅದು ಪ್ರಮಾಣ. 1901ರಲ್ಲಿ ಪ್ರಕಟವಾದ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಆರನೆಯ ಸಂಪುಟವು ಕಡೂರು ಜಿಲ್ಲೆಯ ಶಾಸನಗಳದು. ಅಂತಹ ಶಾಸನಗಳಲ್ಲಿ ನಡೆದ ಕ್ರಿಯೆಯ ಹೆಸರಿಲ್ಲದೆ ಒಂದು ಸಾಮಾನ್ಯ ಶಬ್ದವು ಮಾತ್ರ ಇದ್ದಿದ್ದರೆ, ಅಂದು ಯಾರಿಗೆ ಯಾವ ಹಕ್ಕು ಬಂದಿತೆಂಬುದು ಇಂದು ನಮಗೆ ತಿಳಿಯುತ್ತಿರಲಿಲ್ಲ.

ಆಧುನಿಕ ಕಾಲದಲ್ಲಿಯೂ ಈ ಪದ್ಧತಿಯು ಕಳೆದುಹೋಗಿಲ್ಲ. ಶಂಕುವೆಂದರೆ ಗೂಟ, ಕಟ್ಟಡದ ದಿಕ್ಕನ್ನು ನಿರ್ಣಯಿಸುವುದಕ್ಕೆ ಅದನ್ನು ನೆಡುತ್ತಿದ್ದುದರ ನೆನಪು ಶಂಕುಸ್ಥಾಪನೆಯಲ್ಲಿದೆ. ಉದ್ಘಾಟನೆಯೆಂದರೆ ಅಗುಳಿ ತೆಗೆದು ತೆರೆಯುವುದು. ವಿಶ್ವವಿದ್ಯಾನಿಲಯಗಳ ‘ಕಾನ್ವೊಕೇಷನ್’ಗೆ ಸಂದ ‘ಘಟಿಕೋತ್ಸವ’ವು ಇನ್ನೂ ಸೊಗಸಾದುದು. ಇಂಗ್ಲಿಷ್ ಶಬ್ದಕ್ಕೆ ಒಟ್ಟಿಗೆ ಕರೆಯುವುದೆಂದಷ್ಟೇ ಮೂಲಾರ್ಥ. ಕನ್ನಡ ಶಬ್ದವಾದರೋ ಪ್ರಾಚೀನ ವಿದ್ಯಾಸ್ಥಾನವಾದ ಘಟಿಕೆಯನ್ನು ನೆನಪಿಗೆ ತರುತ್ತದೆ. ಕದಂಬ ಮಯೂರಶರ್ಮನು ವ್ಯಾಸಂಗಕ್ಕಾಗಿ ಪಲ್ಲವರ ರಾಜಧಾನಿಯ ಘಟಿಕೆಗೆ ಹೋದನೆಂದು ಶಿವಮೊಗ್ಗ ಜಿಲ್ಲೆಯ ತಾಳಗುಂದದ ಸ್ತಂಭಶಾಸನವು ಹೇಳುತ್ತದೆ. ಶಬ್ದವೊಂದು ಹದಿನೈದು ಶತಮಾನಗಳನ್ನು ಹೀಗೆ ಬೆಸೆಯಬಲ್ಲುದು.

ಈ ವಿಚಾರಕ್ಕೆ ಹತ್ತಿರದ ನಿದರ್ಶನವೊಂದು ತರೀಕೆರೆ ತಾಲ್ಲೂಕಿನ ಲಕ್ಕವಳ್ಳಿಯಲ್ಲಿ ದೊರೆಯುತ್ತದೆ. ಅಲ್ಲಿ ಭದ್ರಾನದಿಗೆ 20ನೆಯ ಶತಮಾನದ ನಡುಭಾಗದಲ್ಲಿ ಅಣೆಕಟ್ಟನ್ನು ಕಟ್ಟಿದರು. ಜಲಾಶಯದ ಪೂರ್ಣಮಟ್ಟ 186 ಅಡಿ; ಅದು ಹಿಡಿಯುವ ನೀರು ಸುಮಾರು 71.5 ಟಿ.ಎಂ.ಸಿ. ಮಳೆ ಚೆನ್ನಾಗಿ ಬಿದ್ದು ಜಲಾಶಯವು ತುಂಬಿದಾಗ ಬಾಗಿನವನ್ನು ಅರ್ಪಿಸುವ ರೂಢಿಯಿದೆ. ಗೌರಿಹಬ್ಬದಲ್ಲಿ ಮುತ್ತೈದೆಯರಿಗೆ ಮೊರದಲ್ಲಿ ಅರಿಸಿನ, ಕುಂಕುಮ, ಬಳೆ, ಧಾನ್ಯಗಳನ್ನಿಟ್ಟು, ಇನ್ನೊಂದು ಮೊರದಿಂದ ಮುಚ್ಚಿ ಕೊಡುವುದೇ ಬಾಗಿನ. ನದಿಗೆ ಅದನ್ನು ಕೊಡುವುದೆಂದರೆ, ನದಿಯನ್ನು ಮನೆಯ ಮುತ್ತೈದೆಯಾಗಿ ಗೌರವಿಸಿ ಅವಳ ಋಣವನ್ನು ಒಪ್ಪಿಕೊಳ್ಳುವುದು. ಇದನ್ನು ‘ಡ್ಯಾಮಿನ ಫಂಕ್ಷನ್’ ಎಂದುಬಿಟ್ಟರೆ ವೇದಿಕೆಯೂ ಅತಿಥಿಗಳೂ ಉಳಿಯುತ್ತಾರೆ. ಮೊರವೂ ಋಣವೂ ಮರೆಯಾಗುತ್ತವೆ.

ಅಣೆಕಟ್ಟಿನ ಬಳಿ ಈ ಇಂಗ್ಲಿಷ್ ಶಬ್ದದ ಎರಡು ಅರ್ಥಗಳೂ ಎದುರುಬದುರಾಗಿ ನಿಲ್ಲುವುದನ್ನು ಕಾಣಬಹುದು. ನೀರನ್ನು ಹಿಡಿದು, ಎಡದಂಡೆ ಬಲದಂಡೆಗಳ ನಾಲೆಗಳಲ್ಲಿ ಹರಿಯಿಸಿ, ಕಡೆಯ ಗದ್ದೆಗೂ ಮುಟ್ಟಿಸುವುದು ಅಣೆಕಟ್ಟಿನ ‘ಫಂಕ್ಷನ್’, ಇದು ಮೂಲಾರ್ಥ. ತುಂಬಿದ ದಿನ ಅಲ್ಲಿ ನಡೆಯುವ ಸಭೆಯೂ ‘ಫಂಕ್ಷನ್’, ಇದು ಲಕ್ಷ್ಯಾರ್ಥ. ಹಿನ್ನೀರಿನಲ್ಲಿ ಹಳ್ಳಿಗಳನ್ನೂ ಗದ್ದೆಗಳನ್ನೂ ಬಿಟ್ಟುಕೊಟ್ಟವರಿಗೂ, ನಾಲೆಯ ತುದಿಯಲ್ಲಿ ನೀರಿಗಾಗಿ ಕಾದಿರುವವರಿಗೂ ಬೇಕಾದುದು ಮೊದಲನೆಯದು. ಎರಡನೆಯದಕ್ಕೆ ಬೆಲೆ ಬರುವುದು ಅದು ಮೊದಲನೆಯದನ್ನು ನೆನಪಿಗೆ ತರುವಷ್ಟರಮಟ್ಟಿಗೆ ಮಾತ್ರ. ‘ಬಾಗಿನ’ವೆಂಬ ಹೆಸರು ಆ ನೆನಪನ್ನು ತಾನಾಗಿಯೇ ತರುತ್ತದೆ.

ಆಡುಮಾತಿನಲ್ಲಿ ನೆಲೆಯೂರಿದ ಶಬ್ದವನ್ನು ವಿದ್ವಾಂಸರ ನಿರ್ಣಯದಿಂದ ಹೊರಹಾಕುವುದು ಸಾಧ್ಯವೂ ಅಲ್ಲ, ಅವಶ್ಯವೂ ಅಲ್ಲ. “ಫಂಕ್ಷನ್‌ಗೆ ಬನ್ನಿ” ಎಂದು ಕರೆದವರ ವಿಶ್ವಾಸದಲ್ಲಿ ಕೊರತೆಯಿಲ್ಲ. ಆದರೆ ಶಿಲಾಫಲಕ, ಆಹ್ವಾನಪತ್ರ, ಪಾಠಪುಸ್ತಕ, ವೃತ್ತಾಂತ ಇವು ಮುಂದಿನವರು ಓದತಕ್ಕ ಬರಹಗಳು. ಅವುಗಳಲ್ಲಿ ನಡೆದ ಕ್ರಿಯೆಯ ಹೆಸರನ್ನೇ ಬರೆಯುವುದು ಕರ್ತವ್ಯ. ಉಪಾಧ್ಯಾಯರು ತಮ್ಮ ಊರಿನ ವಿಧಿಗಳ ಹೆಸರುಗಳನ್ನು ವಿದ್ಯಾರ್ಥಿಗಳಿಂದ ಸಂಗ್ರಹ ಮಾಡಿಸಿ, ಪ್ರತಿಯೊಂದರ ಕ್ರಿಯೆಯನ್ನು ವಿವರಿಸುವುದಾದರೆ, ನಿಘಂಟಿಗೂ ಚರಿತ್ರೆಗೂ ಏಕಕಾಲದಲ್ಲಿ ಉಪಕಾರವಾಗುವುದು.